ಯುಪಿಎಸ್‌ಸಿ ಮೇನ್ಸ್ ಪೇಪರ್‌ನ ಬೇರೆ ಬೇರೆಯವರು ತಿದ್ದಿದ್ರೆ ಮಾರ್ಕ್ಸ್‌ನಲ್ಲಿ ಅನ್ಯಾಯ ಆಗಲ್ವಾ?

ಆಗೋ ಚಾನ್ಸ್ ಖಂಡಿತ ಇದೆ, ಅದಕ್ಕೇ ಮಾಡರೇಶನ್ ಅಂತ ಮಾಡ್ತಾರೆ. ಒಂದೇ ಸಬ್ಜೆಕ್ಟನ್ನ ಸುಮಾರು ಜನ ತಿದ್ದುವಾಗ ಒಬ್ರದ್ದು ಬಿಗಿ ಕೈ ಇನ್ನೊಬ್ರದ್ದು ಧಾರಾಳ ಕೈ ಇರುತ್ತೆ, ಸೋ ಮೊದ್ಲು ಹೆಡ್ ಎಕ್ಸಾಮಿನರ್ ಎಲ್ಲರ ಜೊತೆ ಕೂತು ಯಾವ ಥರ ಉತ್ತರಕ್ಕೆ ಎಷ್ಟು ಕೊಡ್ಬೇಕು ಅಂತ ಮಾತಾಡಿ, ಆಮೇಲೆ ಪ್ರತಿಯೊಬ್ರು ತಿದ್ದಿರೋದ್ರಲ್ಲಿ ಕೆಲವು ಬುಕ್‌ಲೆಟ್ ತೆಗೆದು ತಾವೇ ನೋಡ್ತಾರೆ. ಉದಾಹರಣೆಗೆ 250ಕ್ಕೆ 90 ಕೊಟ್ಟಿರೋದು ಹೆಡ್ ಪ್ರಕಾರ 100 ಆಗ್ಬೇಕಿತ್ತು, ನೋಡಿದ ಎಲ್ಲದ್ರಲ್ಲೂ ಹೀಗೇ ಕಮ್ಮಿ ಇದೆ ಅಂದ್ರೆ ಅವ್ರು ತಿದ್ದಿದ ಅಷ್ಟೂ ಬುಕ್‌ಲೆಟ್‌ಗೆ ಮಾರ್ಕ್ಸ್ ಸೇರಿಸ್ತಾರೆ, ಧಾರಾಳ ಆಗಿದ್ರೆ ಕಳೀತಾರೆ.

2007ರಲ್ಲಿ ಉತ್ತರ ಪ್ರದೇಶದ ಸಿವಿಲ್ ಜಡ್ಜ್ ಪರೀಕ್ಷೆ ಕೇಸಲ್ಲಿ ಸುಪ್ರೀಂ ಕೋರ್ಟ್ ಕೂಡ ಎಲ್ಲರಿಗೂ ಒಂದೇ ಸಬ್ಜೆಕ್ಟ್ ಇದ್ರೆ ಮಾಡರೇಶನ್ನೇ ಸರಿ, ಸ್ಕೇಲಿಂಗ್ (ಅಂದ್ರೆ ಬೇರೆ ಬೇರೆ ಸಬ್ಜೆಕ್ಟ್‌ಗಳ ಮಾರ್ಕ್ಸನ್ನ ಲೆಕ್ಕ ಹಾಕಿ ಒಂದೇ ಅಳತೆಗೆ ತರೋದು) ಅಲ್ಲ ಅಂತು.

ನಂಗೆ ನಿಜವಾಗ್ಲೂ ಬೇಜಾರಾಗೋದು ಬೇರೆ. ತಿದ್ದಿದ ಬುಕ್‌ಲೆಟ್ ನಮ್ಗೆ ತೋರ್ಸಲ್ಲ, 2018ರಲ್ಲಿ ಸುಪ್ರೀಂ ಕೋರ್ಟೂ ಕೊಡಲೇಬೇಕು ಅಂತ ಹೇಳ್ಲಿಲ್ಲ. ವರ್ಷಗಟ್ಟಲೆ ರೂಮ್ ಮಾಡ್ಕೊಂಡು ಓದಿದವ್ರಿಗೆ ಎಥಿಕ್ಸ್ ಪೇಪರ್‌ಗೆ 95 ಅಂತ ಒಂದು ನಂಬರ್ ಬರುತ್ತೆ ಅಷ್ಟೇ, ಯಾವ ಪ್ರಶ್ನೆಯಲ್ಲಿ ಎಷ್ಟು ಹೋಯ್ತು ಅನ್ನೋದು ಗೊತ್ತೇ ಆಗಲ್ಲ.