ಹಾಜರಿ ಪಟ್ಟಿ ಕೊಡದ ಸಂಸ್ಥೆಗೆ ಎರಡನೇ ಕಂತು ತಡೆಹಿಡಿಯಬೇಕಾ?

ಬೇಡ, ತಡೆಹಿಡಿಯಬೇಡಿ.

ಕಿರ್ಗಿಸ್ತಾನದಲ್ಲಿ ನೀವು ಅನುದಾನ ಕೊಟ್ಟ ಸಂಸ್ಥೆ ತರಬೇತಿಗೆ ಬಂದವರ ಹೆಸರು, ಸಹಿ ಕೊಡುತ್ತಿಲ್ಲ, ಬರೀ ತಲೆ ಎಣಿಕೆ ಕಳಿಸುತ್ತಿದೆ, ಅವರನ್ನು ದಾರಿಗೆ ತರುವುದು ಹೇಗೆ ಅಂತ ಕೇಳಿದ್ದೀರಿ. ಹೆಚ್ಚುಕಡಿಮೆ ಇದೇ ಮಾತಲ್ಲಿ ನಾನೂ ಒಂದು ಕಾಲಕ್ಕೆ ಕೇಳಿದ್ದೆ. ನಾನು ನೋಡಿಕೊಳ್ಳುತ್ತಿದ್ದ ಸಂಸ್ಥೆ ಮ್ಯಾನ್ಮಾರ್‌ನದು.

ನಾನು ಧಾರವಾಡದ ಒಂದು ಸಣ್ಣ ಸಂಸ್ಥೆಯಲ್ಲಿ ನಾಲ್ಕು ವರ್ಷ ಲೆಕ್ಕ ಬರೆದವಳು. ಹೊರದೇಶದ ಹಣ, ಅಂಥ ದೇಣಿಗೆಗೆಂದೇ ಇರುವ ನಮ್ಮ ದೇಶದ ಕಾನೂನು ಎಫ್‌ಸಿಆರ್‌ಎ ಕೆಳಗಿನ ಖಾತೆ. ಟೀ-ಬಿಸ್ಕತ್ತಿಗೂ ವೋಚರ್, ಹಳ್ಳಿಯ ಸಭೆಗೆ ಬಂದ ಅಜ್ಜಿಯಿಂದಲೂ ಹೆಬ್ಬೆಟ್ಟು. ಕಾಗದ ಸರಿ ಇದ್ದರೆ ಕೆಲಸ ಸರಿ ಇದೆ ಅನ್ನುವ ನಂಬಿಕೆ ಅಲ್ಲೇ ಬೇರು ಬಿಟ್ಟಿತ್ತು. ಆಮೇಲೆ ವಾಷಿಂಗ್ಟನ್‌ಗೆ ಬಂದೆ. ಹೊರದೇಶಗಳ ಸಣ್ಣ ಸಣ್ಣ ಸಂಘಗಳಿಗೆ ಹಣ ಕೊಡುವ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಮ್ಯಾನ್ಮಾರ್‌ನ ಮಾಗ್ವೆ ಕಡೆಯ ಒಂದು ಗುಂಪು ನನ್ನ ಪಾಲಿಗೆ ಬಂತು. ಮತದಾರರ ಪಟ್ಟಿ ಹೇಗೆ ನೋಡಬೇಕು, ಹೆಸರು ಬಿಟ್ಟುಹೋಗಿದ್ದರೆ ಎಲ್ಲಿ ಕೇಳಬೇಕು, ಇಂಥದ್ದನ್ನು ಹಳ್ಳಿಯವರಿಗೆ ಹೇಳಿಕೊಡುವ ಕೆಲಸ ಅವರದು. ಅದನ್ನು ನಡೆಸುತ್ತಿದ್ದವರು ನಿವೃತ್ತ ಶಿಕ್ಷಕಿ. ಎಲ್ಲರೂ ಅವರನ್ನು ಸಯಾಮ ಅನ್ನುತ್ತಿದ್ದರು, ಅಂದರೆ ನಮ್ಮ ಟೀಚರಮ್ಮ.

2019ರ ಕೊನೆಯಲ್ಲಿ ಮೊದಲ ವರದಿ ಬಂತು. ಆರು ತರಬೇತಿ, 184 ಜನ. ಸಭಾಂಗಣದ ಬಾಡಿಗೆ ಬಿಲ್ಲು ಇತ್ತು, ಊಟದ ಬಿಲ್ಲು ಇತ್ತು, ಬೆನ್ನ ಹಿಂದಿನಿಂದ ತೆಗೆದ ಫೋಟೊ ಇತ್ತು. ಹೆಸರು ಒಂದೂ ಇರಲಿಲ್ಲ. ನಾನು ಹಾಜರಿ ಪಟ್ಟಿ ಕೇಳಿದೆ. ಸಯಾಮ ಬರೆದರು: ನಾವು ಐವತ್ತು ವರ್ಷ ಸೈನ್ಯದ ಕೈಕೆಳಗೆ ಬದುಕಿದವರಮ್ಮ, ಇಂಥ ಕಡೆ ಹೆಸರು ಬರೆಸುವ ಅಭ್ಯಾಸ ನಮಗಿಲ್ಲ. ನಾನದನ್ನು ಹಳೇ ಕಾಲದ ಭಯ ಅಂದುಕೊಂಡೆ. ಚುನಾಯಿತ ಸರ್ಕಾರ ಇದೆಯಲ್ಲ, ಈಗೇನು ಅಂತ. ಪಟ್ಟಿ ಬರುವ ತನಕ ಎರಡನೇ ಕಂತು ಇಲ್ಲ ಅಂತ ಬರೆದೆ.

ಎರಡು ತಿಂಗಳು ಸುಮ್ಮನಿದ್ದರು. ಸಂಬಳ ನಿಂತಿತ್ತು, ಬಾಡಿಗೆ ಬಾಕಿ ಇತ್ತು. ಆಮೇಲೆ ಕಳಿಸಿದರು. ಸ್ಕ್ಯಾನ್ ಮಾಡಿದ ಗೆರೆ ಹಾಳೆಗಳು, ಬರ್ಮಾ ಲಿಪಿಯ ದುಂಡು ಅಕ್ಷರ, ಹೆಸರು, ಫೋನ್, ಸಹಿ, ಗುರುತಿನ ಚೀಟಿಯ ನಂಬರ್. ಅಲ್ಲಿನ ಗುರುತಿನ ನಂಬರ್ ನಮ್ಮ ಆಧಾರ್ ಹಾಗಲ್ಲ. ಮೊದಲ ಅಂಕಿ ನೋಡಿದರೆ ಯಾವ ಪ್ರಾಂತ್ಯ ಅಂತ ಗೊತ್ತಾಗುತ್ತದೆ, 8 ಅಂದರೆ ಮಾಗ್ವೆ. ಅದರ ಮುಂದಿನ ಅಕ್ಷರಗಳು ತಾಲೂಕಿನ ಗುರುತು. ಒಂದು ಸಾಲು ಓದಿದರೆ ಒಬ್ಬ ಮನುಷ್ಯನ ಮನೆ ಹತ್ತಿರ ಹೋಗಿ ನಿಂತ ಹಾಗೆ. 31 ಸಾಲಲ್ಲಿ ಆ ನಂಬರ್ ಬಿಟ್ಟಿದ್ದರು. ನಾನು ಅದನ್ನೂ ಕೆಂಪು ಗುರುತು ಹಾಕಿ ವಾಪಸ್ ಕಳಿಸಿದೆ. ತುಂಬಿ ಕಳಿಸಿದರು. ಮೂಲ ಹಾಳೆಗಳನ್ನು ಜೋಪಾನವಾಗಿ ಆಫೀಸಿನ ಬೀರುವಿನಲ್ಲಿ ಇಡಿ, ಆಡಿಟ್‌ಗೆ ಬೇಕು ಅಂತಲೂ ಹೇಳಿದೆ.

2021ರ ಫೆಬ್ರವರಿ 1ರ ನಸುಕಿನಲ್ಲಿ ಸೈನ್ಯ ಅಧಿಕಾರ ಹಿಡಿದಾಗ ಇಲ್ಲಿ ಇನ್ನೂ ಭಾನುವಾರ. ಆಂಗ್ ಸಾನ್ ಸೂಕಿಯವರನ್ನು ಹಿಡಿದರು ಅನ್ನುವ ಸುದ್ದಿ ಓದುವಾಗ ನನಗೆ ಮೊದಲು ನೆನಪಾಗಿದ್ದು ಆ ಬೀರು. ಫೋನ್ ಮಾಡಿದೆ, ಹೋಗಲಿಲ್ಲ. ಅಲ್ಲಿ ಇಂಟರ್‌ನೆಟ್ಟೂ ಕಡಿದುಹೋಗಿತ್ತು, ಬ್ಯಾಂಕೂ ಮುಚ್ಚಿತ್ತು. ಫೆಬ್ರವರಿ 13ಕ್ಕೆ ವಾರಂಟ್ ಇಲ್ಲದೆ ಮನೆ ಶೋಧಿಸಲು ದಾರಿ ಮಾಡಿಕೊಂಡರು. ರಾತ್ರಿ ಮನೆಯಲ್ಲಿ ನೆಂಟರು ಉಳಿದರೂ ವಾರ್ಡಿನ ಅಧಿಕಾರಿಗೆ ತಿಳಿಸಬೇಕು ಅನ್ನುವ ಹಳೇ ನಿಯಮ ಮತ್ತೆ ಬಂತು. ಸಯಾಮ ಅವರ ಕಡೆಯವರು ಆಫೀಸಿಗೆ ಹೋಗುವಷ್ಟರಲ್ಲಿ ಬಾಗಿಲು ಒಡೆದಿತ್ತು. ಬೀರು ಖಾಲಿ.

184 ಜನರಿಗೂ ಒಬ್ಬೊಬ್ಬರಿಗೇ ಹೇಳಿ ಕಳಿಸಿದರು, ಮನೆಯಲ್ಲಿ ಮಲಗಬೇಡಿ ಅಂತ. ಕೆಲವರು ಗಡಿ ದಾಟಿ ಥಾಯ್ಲೆಂಡಿನ ಮೇ ಸೊತ್ ಸೇರಿದರು. ಇಬ್ಬರನ್ನು ಹಿಡಿದುಕೊಂಡು ಹೋದರು. ಆ ಪಟ್ಟಿಯಿಂದಲೇ ಸಿಕ್ಕಿಬಿದ್ದರಾ, ಯಾರಿಗೂ ಗೊತ್ತಿಲ್ಲ. ನನಗೆ ಅದು ಸಮಾಧಾನವೂ ಅಲ್ಲ. ಸಯಾಮ ಮಾರ್ಚ್‌ನಲ್ಲಿ ಒಂದು ಸಾಲು ಬರೆದರು: ನಿಮ್ಮ ಹತ್ತಿರ ಇರುವ ಪ್ರತಿ ಅಳಿಸಿ. ಅಳಿಸಿದೆ. ಆಮೇಲೆ ಅವರು ಬರೆಯಲಿಲ್ಲ.

ತಪ್ಪು ಎಲ್ಲಾಯಿತು ಅನ್ನುವುದನ್ನು ಬಿಡಿಸಿ ಹೇಳುತ್ತೇನೆ, ಯಾಕಂದರೆ ನೀವೂ ಅದೇ ಜಾಗದಲ್ಲಿ ನಿಂತಿದ್ದೀರಿ. ನಮ್ಮದು ಅಮೆರಿಕ ಸರ್ಕಾರದ ಹಣ. ಅದಕ್ಕೆ 2 ಸಿಎಫ್‌ಆರ್ 200 ಅನ್ನುವ ನಿಯಮಾವಳಿ ಇದೆ. ಖರ್ಚಿಗೆ ಸಾಕಷ್ಟು ದಾಖಲೆ ಇರಬೇಕು ಅನ್ನುತ್ತದೆ, ಸಾಮಾನ್ಯವಾಗಿ ಕೊನೆಯ ಹಣಕಾಸು ವರದಿಯ ನಂತರ ಮೂರು ವರ್ಷ ಕಾಗದಪತ್ರ ಇಡಬೇಕು ಅನ್ನುತ್ತದೆ. ಸಾಕಷ್ಟು ಅನ್ನುವ ಪದಕ್ಕೆ ಗುರುತಿನ ನಂಬರ್ ಸಮೇತ ಹೆಸರು ಅನ್ನುವ ಅರ್ಥ ಅದರಲ್ಲಿ ಎಲ್ಲೂ ಇಲ್ಲ. ಆ ಅರ್ಥ ಕೊಟ್ಟಿದ್ದು ನಾನು. ಧಾರವಾಡದ ಫಾರಂ ತಲೆಯಲ್ಲಿತ್ತು, ಆಫೀಸಿನ ಹಳೇ ಎಕ್ಸೆಲ್ ಹಾಳೆಯಲ್ಲಿ ಆ ಕಾಲಂ ಇತ್ತು, ಖಾಲಿ ಕಾಲಂ ನೋಡಿದರೆ ನನಗೆ ಕೈ ಕಡಿಯುತ್ತಿತ್ತು. ನಿಯಮ ತೆಗೆದು ಓದಿದ್ದು ಎಲ್ಲ ಮುಗಿದ ಮೇಲೆ. ಊಟದ ಬಿಲ್ಲಲ್ಲಿ 184 ತಟ್ಟೆ ಅಂತ ಇತ್ತು, ಅದು ತಲೆ ಎಣಿಕೆಗೆ ತಾಳೆಯಾಗುತ್ತಿತ್ತು. ಹಣ ಸರಿಯಾಗಿ ಖರ್ಚಾಗಿದೆ ಅನ್ನಲು ಅಷ್ಟು ಸಾಕಿತ್ತು. ಬೇಕಿದ್ದರೆ ಹೊರಗಿನವರೊಬ್ಬರು ಬಂದು ಎಣಿಸಿ ಸಹಿ ಹಾಕಬಹುದಿತ್ತು. ಹೆಸರಿನ ಬದಲು ಸಂಕೇತ ಕೊಟ್ಟು, ಸಂಕೇತದ ಕೀಲಿಯನ್ನು ಅವರ ಹತ್ತಿರವೇ ಬಿಡಬಹುದಿತ್ತು. ಹಾಗೆ ಮಾಡುತ್ತೇವೆ ಅಂತ ಕರಾರಿನಲ್ಲೇ ಬರೆದು ಮೇಲಿನವರ ಒಪ್ಪಿಗೆ ಪಡೆದಿದ್ದರೆ ಆಡಿಟರ್‌ಗೆ ತೋರಿಸಲು ಅದೇ ಕಾಗದ ಆಗುತ್ತಿತ್ತು.

ಹಾಗಾಗಿ ಅವರನ್ನು ದಾರಿಗೆ ತರುವುದು ಹೇಗೆ ಅನ್ನುವ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಅವರು ದಾರಿಯಲ್ಲೇ ಇದ್ದಾರೆ. ಕಿರ್ಗಿಸ್ತಾನದಲ್ಲಿ 2024ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಸಾದಿರ್ ಜಪಾರೋವ್ ಒಂದು ಕಾನೂನಿಗೆ ಸಹಿ ಹಾಕಿದರು. ಹೊರಗಿನ ಹಣ ಪಡೆದು ರಾಜಕೀಯ ಅನ್ನಿಸುವ ಕೆಲಸ ಮಾಡುವ ಸಂಸ್ಥೆ ವಿದೇಶಿ ಪ್ರತಿನಿಧಿ ಅಂತ ನೋಂದಾಯಿಸಿಕೊಳ್ಳಬೇಕು. ರಷ್ಯಾದಲ್ಲಿ ಇಂಥದ್ದು 2012ರಲ್ಲೇ ಬಂದಿತ್ತು. ಜಾರ್ಜಿಯಾದಲ್ಲಿ 2024ರ ಮೇ ತಿಂಗಳಲ್ಲಿ ಬಂತು, ಶೇ 20ಕ್ಕಿಂತ ಜಾಸ್ತಿ ಹೊರಗಿನ ಹಣ ಇದ್ದರೆ ಸಾಕು. ಅಲ್ಲಿನ ಸಂಸದರು 2025ರ ಏಪ್ರಿಲ್‌ನಲ್ಲಿ ಹೊರದೇಶದ ಅನುದಾನಕ್ಕೇ ಸರ್ಕಾರದ ಒಪ್ಪಿಗೆ ಬೇಕು ಅಂತ ಮಾಡಿದರು. ಇಂಥ ಕಡೆ ಹೆಸರು ಕೊಡದ ಸಂಸ್ಥೆ ಕೆಲಸಗಳ್ಳ ಅಲ್ಲ. ತನ್ನ ಊರಿನವರನ್ನು ಕಾಯುತ್ತಿದೆ.

ಹಣ ನುಂಗುವವರು ಇಲ್ಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದ್ದಾರೆ, ನೋಡಿದ್ದೇನೆ. ಆದರೆ ಅವರ ಹಾಜರಿ ಪಟ್ಟಿ ಯಾವತ್ತೂ ಪೂರ್ತಿ ಇರುತ್ತದೆ, ಒಂದೇ ಕೈಬರಹದಲ್ಲಿ, ಒಂದೇ ಪೆನ್ನಿನಲ್ಲಿ.

ಈ ಅನುದಾನದ ಕೆಲಸ ಕಲಿಯಲು ಸರ್ಟಿಫಿಕೇಟ್ ಕೋರ್ಸ್ ಮಾಡಬೇಕಾ ಅಂತಲೂ ಕೇಳಿದ್ದೀರಿ. ಮಾಡಿ, ತೊಂದರೆ ಇಲ್ಲ. ಅದಕ್ಕಿಂತ ಮೊದಲು ನಿಮ್ಮ ಹಣ ಯಾವ ನಿಯಮದ ಕೆಳಗೆ ಬರುತ್ತದೋ ಅದನ್ನು ನೀವೇ ಕೂತು ಓದಿ. ನಿಮ್ಮ ಫಾರಂನ ಪ್ರತಿ ಕಾಲಂ ಪಕ್ಕದಲ್ಲಿ ಇದನ್ನು ಯಾವ ನಿಯಮ ಕೇಳುತ್ತದೆ ಅಂತ ಬರೆಯಿರಿ. ಉತ್ತರ ಸಿಗದ ಕಾಲಂ ಹೊಡೆದು ಹಾಕಿ.

ಸೋಮವಾರ ಆ ಸಂಸ್ಥೆಗೆ ನೋಟಿಸ್ ಮೇಲ್ ಕಳಿಸಬೇಕು ಅಂತಿದ್ದೀರಲ್ಲ, ಕಳಿಸಬೇಡಿ. ಎನ್‌ಕ್ರಿಪ್ಟ್ ಆದ, ಅಂದರೆ ನಡುವೆ ಯಾರೂ ಕದ್ದು ಕೇಳಲಾಗದ ಕರೆ ಮಾಡಿ, ಏನು ಕೊಡಲು ನಿಮಗೆ ಧೈರ್ಯ ಇದೆ ಅಂತ ಅವರನ್ನೇ ಕೇಳಿ. ಕಂತು ಮಾತ್ರ ಈ ವಾರವೇ ಬಿಡುಗಡೆ ಮಾಡಿ. 2025ರ ಜನವರಿಯಲ್ಲಿ ಅಮೆರಿಕ ಸರ್ಕಾರ ಹೊರದೇಶದ ನೆರವನ್ನು ಏಕಾಏಕಿ ನಿಲ್ಲಿಸಿದಾಗ, ಕಾಗದ ಸರಿಯಿಲ್ಲ ಅಂತ ಕಾದು ಕೂತಿದ್ದ ಕಂತುಗಳು ಮೇಜಿನ ಮೇಲೇ ಉಳಿದವು. ಅದರಲ್ಲಿ ಎರಡು ನನ್ನ ಮೇಜಿನವು.