ಕೇಳಿಸಿತು, ಆದರೆ ಕೇಳಲಿಲ್ಲ

*ನನಗೆ 34 ವರ್ಷ, ಧಾರವಾಡ ಜಿಲ್ಲೆಯವನು. ಗುತ್ತಿಗೆದಾರರೊಬ್ಬರ ಹತ್ತಿರ ಸೈಟ್ ಸೂಪರ್‌ವೈಸರ್. ಈಗ ಒಂದು ಹಳ್ಳಿಯಲ್ಲಿ ಶಾಲೆಯ ಎರಡು ಕೋಣೆ ಕಟ್ಟುತ್ತಿದ್ದೇವೆ. 80 ಚೀಲ ಸಿಮೆಂಟ್ ಇಳಿದರೆ 100 ಎಂದು ಚಲನ್‌ಗೆ ಸಹಿ ಹಾಕುತ್ತೇನೆ. ನಕ್ಷೆಯಲ್ಲಿ ಕಂಬಕ್ಕೆ 6 ಇಂಚಿಗೊಂದು ಕಬ್ಬಿಣದ ರಿಂಗ್ ಇದ್ದರೆ 9 ಇಂಚಿಗೆ ಕಟ್ಟಿಸುತ್ತೇವೆ. ಮೊದಲ ಕೋಣೆಯ ಕಂಬಗಳಿಗೆ ಕಾಂಕ್ರೀಟ್ ತುಂಬಿಸಿಯಾಗಿದೆ. ನನಗೂ ಪಾಲು ಸಿಗುತ್ತದೆ. ಅದರ ದಶಮಾಂಶ, ಅಂದರೆ ಹತ್ತನೇ ಒಂದು ಪಾಲು, ತಪ್ಪದೆ ನಮ್ಮ ಚರ್ಚ್ ಸಭೆಗೆ ಕೊಡುತ್ತೇನೆ, ಸುಗ್ಗಿ ಹಬ್ಬಕ್ಕೆ ದೊಡ್ಡ ಕಾಣಿಕೆ ಕೊಡುವುದಾಗಿ ಹರಸಿಕೊಂಡಿದ್ದೇನೆ. ಹೆಂಡತಿ ಕೆಲಸ ಬಿಡಿ ಅನ್ನುತ್ತಾಳೆ. ಯಜಮಾನರಿಗೆ ವಿಧೇಯರಾಗಿರಿ ಅಂತ ಬೈಬಲ್ಲಿನಲ್ಲೇ ಇದೆ ಅನ್ನುತ್ತಾಳೆ ಅವ್ವ. ಮನೆ ಸಾಲದ ಕಂತಿದೆ. ದೇವರ ಚಿತ್ತ ಏನೆಂದು ಮೂರು ತಿಂಗಳಿಂದ ಉಪವಾಸವಿದ್ದು ಪ್ರಾರ್ಥಿಸುತ್ತಿದ್ದೇನೆ. ಉತ್ತರ ಬಂದಿಲ್ಲ. ಏನು ಮಾಡಲಿ?*

ಪ್ರಿಯ ಸಹೋದರರೇ,

ಚಿಕ್ಕವಳಿದ್ದಾಗ ನಮ್ಮಜ್ಜಿ ನೀರು ತರಲು ಹೇಳಿದರೆ ನಾನು ಕಟ್ಟೆಯ ಮೇಲೆ ಕೂತೇ ಇರುತ್ತಿದ್ದೆ. "ನಾ ಹೇಳಿದ್ದು ಕೇಳಿಸ್ತಿಲ್ಲೇನ?" "ಕೇಳಿಸ್ತವ್ವಾ." "ಕೇಳಿಸಿದ್ರ ಕೊಡ ಯಾಕ ಖಾಲಿ ಐತಿ?" ಆ ಕೊಡ ಒಲೆಯ ಪಕ್ಕದಲ್ಲಿ ಬಾಯಿ ಮೇಲೆ ಮಾಡಿ ಕೂತಿರುತ್ತಿತ್ತು. ನಿಮ್ಮ ಪತ್ರ ಓದುವಾಗ ಅದೇ ಕೊಡ ಕಣ್ಣ ಮುಂದೆ ಬಂತು. ಕಂಬದ ರಿಂಗಿನ ಅಂತರವನ್ನು ಇಂಚಿನ ಲೆಕ್ಕದಲ್ಲಿ ಬರೆದ ನಿಮಗೆ ಉತ್ತರ ಬಂದಿಲ್ಲ ಅಂದರೆ ನಾನು ಒಪ್ಪಲಾರೆ. ಅದು ಬಂದಿದೆ, ನಿಮ್ಮನ್ನು ನಿದ್ದೆ ಮಾಡಲು ಬಿಡುತ್ತಿಲ್ಲ.

ನಮ್ಮ ಭಾಷೆಯಲ್ಲಿ 'ಮಾತು ಕೇಳು' ಅಂದರೆ ಹೇಳಿದಂತೆ ನಡೆ ಎಂದೇ ಅರ್ಥ. ಹಳೆ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲೂ ಹಾಗೆಯೇ. 'ಶಮಾ' ಎಂಬ ಒಂದೇ ಪದ ಕಿವಿಯ ಕೆಲಸಕ್ಕೂ ವಿಧೇಯತೆಗೂ ಸಲ್ಲುತ್ತದೆ. ಸಮುವೇಲನ ಮೊದಲ ಪುಸ್ತಕದ 15ನೇ ಅಧ್ಯಾಯವನ್ನು ಇವತ್ತು ರಾತ್ರಿ ನಿಧಾನವಾಗಿ ಓದಿ. ಅಮಾಲೇಕ್ಯರ ಮೇಲೆ ಯುದ್ಧ ಮುಗಿಸಿ ಬಂದ ಅರಸ ಸೌಲ, ದೇವರ ಅಪ್ಪಣೆಯನ್ನು ನೆರವೇರಿಸಿದ್ದೇನೆ ಎಂದು ಎದೆಯುಬ್ಬಿಸಿ ಹೇಳುತ್ತಾನೆ. ಹಾಗಾದರೆ ನನ್ನ ಕಿವಿಗೆ ಬೀಳುತ್ತಿರುವ ಈ ಕುರಿಗಳ ಕೂಗು ಏನು ಎಂದು ಪ್ರವಾದಿ ಸಮುವೇಲ ಕೇಳುತ್ತಾನೆ. ಒಂದನ್ನೂ ಉಳಿಸಬೇಡ ಅಂದಿದ್ದರೂ ಕೊಬ್ಬಿದ ಕುರಿ, ದನಗಳನ್ನು ಉಳಿಸಿಕೊಂಡು ಬಂದಿದ್ದಾರೆ. ಸೌಲನ ಸಮಜಾಯಿಷಿ ಏನು ಗೊತ್ತೇ? ಅವು ದೇವರಿಗೆ ಬಲಿ ಅರ್ಪಿಸಲಿಕ್ಕಂತೆ! ಯಜ್ಞಕ್ಕಿಂತ ಮಾತು ಕೇಳುವುದು ಉತ್ತಮ, ಟಗರಿನ ಕೊಬ್ಬಿಗಿಂತ ವಿಧೇಯತೆ ಶ್ರೇಷ್ಠ ಎಂಬ ಮಾತು ಬರುವುದು ಆಗ. ಕೊನೆಗೆ ಸೌಲ ನಿಜ ಒಪ್ಪಿಕೊಳ್ಳುತ್ತಾನೆ. ಜನರಿಗೆ ಹೆದರಿದೆ, ಅವರ ಮಾತು ಕೇಳಿದೆ ಅನ್ನುತ್ತಾನೆ. ಅಲ್ಲಿಯೂ ಅದೇ 'ಶಮಾ'. ಅವನು ಕಿವುಡನಾಗಿರಲಿಲ್ಲ. ಹೆದರಿಕೆ ಯಾರದಿತ್ತೋ ಅವರ ಮಾತು ಕೇಳಿದ್ದ.

ನಿಮ್ಮ ಕಾಣಿಕೆಯ ಕವರ್ ಆ ಕುರಿಗಳ ಹಾಗೆ ಕೂಗುತ್ತಿದೆ ಎಂದು ಬರೆಯಲು ನನಗೆ ಸಂಕಟವಾಗುತ್ತದೆ, ಆದರೂ ಬರೆಯಬೇಕು. 20 ಚೀಲ ಸಿಮೆಂಟಿನ ದುಡ್ಡಿನಲ್ಲಿ ಹತ್ತನೇ ಒಂದು ಪಾಲು ದೇವರಿಗೆ ಸಂದರೂ ಕಂಬ ಗಟ್ಟಿಯಾಗುವುದಿಲ್ಲ. ಆ ಹರಕೆಯನ್ನು ಬಿಟ್ಟುಬಿಡಿ. ಸುಂಕದವರ ಮುಖ್ಯಸ್ಥ ಜಕ್ಕಾಯನ ಕಥೆ ನಿಮಗೆ ಗೊತ್ತಿದೆ. ಯೇಸು ಮನೆಗೆ ಬಂದ ದಿನ ಅವನು, ಅನ್ಯಾಯವಾಗಿ ತೆಗೆದುಕೊಂಡದ್ದನ್ನು ಕಳೆದುಕೊಂಡವರಿಗೇ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಅಂದ. ನೀವು ತೆಗೆದುಕೊಂಡದ್ದು ಆ ಹಳ್ಳಿಯ ಮಕ್ಕಳದು, ಅದು ಅವರ ಶಾಲೆಗೇ ಹೋಗಬೇಕು.

ಅವ್ವನ ಮೇಲೆ ಸಿಟ್ಟಾಗಬೇಡಿ. ಕಂತಿನ ಭಯ ಆಕೆಯಿಂದ ಹಾಗೆ ಹೇಳಿಸುತ್ತಿದೆ. ಆದರೆ ಆಕೆ ಹೇಳಿದ ವಚನ ಎಫೆಸದವರಿಗೆ ಬರೆದ ಪತ್ರದ 6ನೇ ಅಧ್ಯಾಯದ್ದು. ಆಕೆಯ ಪಕ್ಕದಲ್ಲಿ ಕೂತು ಮುಂದಿನ ವಚನಗಳನ್ನೂ ಓದಿ. ಮನುಷ್ಯರನ್ನು ಮೆಚ್ಚಿಸಲು ಕಣ್ಣೆದುರಿಗೆ ಮಾತ್ರ ದುಡಿಯಬೇಡಿ, ದೇವರ ಚಿತ್ತವನ್ನು ಮನಃಪೂರ್ವಕವಾಗಿ ನಡೆಸಿರಿ ಎಂದಿದೆ. ಯಜಮಾನನಿಗೂ ಪರಲೋಕದಲ್ಲಿ ಒಬ್ಬ ಯಜಮಾನನಿದ್ದಾನೆ ಎಂದೂ ಇದೆ. ಕಾಂಕ್ರೀಟ್ ಸುರಿದ ಮೇಲೆ ಕಂಬದೊಳಗಿನ ರಿಂಗ್ ಯಾರ ಕಣ್ಣಿಗೂ ಬೀಳುವುದಿಲ್ಲ. ಆ ವಚನಗಳು ನಿಮ್ಮ ಕಸುಬಿಗೇ ಬರೆದಂತಿವೆ.

ಇನ್ನು ಮಾಡಬೇಕಾದದ್ದು. ಎರಡನೇ ಕೋಣೆಯ ಕಂಬಕ್ಕೆ ನಕ್ಷೆಯಲ್ಲಿದ್ದಂತೆ 6 ಇಂಚಿಗೇ ಕಟ್ಟಿಸಿ, ಆಗುವುದಿಲ್ಲ ಅಂದರೆ ಸೈಟಿನಿಂದ ಇಳಿದು ಬನ್ನಿ. ಇಳಿಯದ ಚೀಲಕ್ಕೆ ಇನ್ನು ಸಹಿ ಬೇಡ. ಕಷ್ಟವಿರುವುದು ಆಗಲೇ ತುಂಬಿಸಿರುವ ಮೊದಲ ಕೋಣೆಯದು. ಅದನ್ನು ಇಲಾಖೆಯ ಎಂಜಿನಿಯರಿಗೆ ಹೇಳಲೇಬೇಕು. ಕಂಬ ಒಡೆಯದೆಯೇ ಒಳಗಿನ ಸರಳನ್ನು ಪತ್ತೆ ಮಾಡುವ ಉಪಕರಣಗಳಿವೆ, ಸುತ್ತ ಹೊಸ ಸರಳು ಕಟ್ಟಿ ಕಾಂಕ್ರೀಟ್ ಹೊದಿಸಿ ಬಲಪಡಿಸುವ ದಾರಿಯೂ ಇದೆ. ಆದರೆ ನಿಮ್ಮ ಸಹಿಯೂ ಆ ಕಾಗದಗಳಲ್ಲಿದೆ, ಹಾಗಾಗಿ ಮೊದಲು ಒಬ್ಬ ವಕೀಲರನ್ನು ಕಾಣಿ. ನಿಮ್ಮ ಸಭಾಪಾಲಕರಿಗೂ ಪೂರ್ತಿ ಹೇಳಿ, ಎಂಜಿನಿಯರ್ ಹತ್ತಿರ ಹೋಗುವ ದಿನ ಜೊತೆಗೆ ಬರುತ್ತೀರಾ ಎಂದು ಕೇಳಿ.

ವಿಧೇಯನಾದರೆ ದೇವರು ಇದಕ್ಕಿಂತ ಒಳ್ಳೆಯ ಕೆಲಸ ಕೊಡುತ್ತಾನೆ ಎಂದು ನಿಮಗೆ ಹಲವರು ಹೇಳಬಹುದು. ನಾನು ಹೇಳುವುದಿಲ್ಲ. ದಾನಿಯೇಲನ ಪುಸ್ತಕದ ಆ ಮೂವರು ಯುವಕರು ಬೆಂಕಿಯ ಆವಿಗೆಗೆ ಹಾಕಿಸುತ್ತೇನೆ ಎಂದ ಅರಸನ ಮುಂದೆ ನಿಂತು, ನಮ್ಮ ದೇವರು ಬಿಡಿಸಬಲ್ಲನು, ಬಿಡಿಸದಿದ್ದರೂ ನಿನ್ನ ಬಂಗಾರದ ಪ್ರತಿಮೆಗೆ ಅಡ್ಡಬೀಳೆವು ಎಂದರು. ಆ 'ಬಿಡಿಸದಿದ್ದರೂ' ಎಂಬ ಮಾತನ್ನು ಮರೆಸಿ ನಿಮ್ಮನ್ನು ಕಳಿಸಿದರೆ ಅದು ನಾನು ನಿಮಗೆ ಮಾಡುವ ಮೋಸ. ಆರು ತಿಂಗಳು ಕೆಲಸ ಸಿಗದಿರಬಹುದು. ಹೆಂಡತಿ ನಿಮ್ಮ ಜೊತೆಗಿದ್ದಾರೆ, ಅದು ದೊಡ್ಡದು. ಇವತ್ತೇ ಇಬ್ಬರೂ ಕೂತು ಸಂಬಳವೆಷ್ಟು, ಮೇಲಿನ ದುಡ್ಡೆಷ್ಟು ಎಂದು ಬೇರೆ ಬೇರೆ ಬರೆಯಿರಿ. ಬ್ಯಾಂಕಿಗೆ ಹೋಗಿ ಕಂತಿನ ಅವಧಿ ಹೆಚ್ಚಿಸಲು ಆಗುತ್ತದೆಯೇ ವಿಚಾರಿಸಿ.

ಉಪವಾಸ ನಿಲ್ಲಿಸಿ, ಹೊಟ್ಟೆ ತುಂಬ ಊಟ ಮಾಡಿ ಎಂಜಿನಿಯರ್ ಹತ್ತಿರ ಹೋಗಿ. ಹೋಗಿ ಬಂದ ಮೇಲೆ ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.