ಬಂಡೆ ಮೇಲಿನ ಸಾಲುಕುಳಿ: ವಿಜಯನಗರದ್ದೋ, ಮೊನ್ನೆಯದೋ?

ಪ್ರಶ್ನೆ: ಹಂಪಿಯ ಹೆಬ್ಬಂಡೆಗಳ ಮೇಲೆ ಹೊಲಿಗೆ ಹಾಕಿದ ಹಾಗೆ ಸಾಲಾಗಿ ಕುಳಿಗಳಿವೆ. ‘ಒಣಮರದ ಬೆಣೆ ಹೊಡೆದು ನೀರು ಹಾಕಿ ಸೀಳುತ್ತಿದ್ದರು’ ಎಂದರು ಗೈಡ್. ‘ಇದೆಲ್ಲ ಈಚಿನ ಕ್ವಾರಿ ಕೆಲಸ’ ಎನ್ನುತ್ತಾರೆ ಗೆಳೆಯರು. ಯಾರ ಮಾತು ಸರಿ?
– ಓದುಗರು, ಗಂಗಾವತಿ

ಉತ್ತರ: ಮೊದಲು ಕುಳಿಯೊಳಗೆ ನೋಡಿ. ಸುಮಾರು 32–34 ಮಿ.ಮೀ. ಅಗಲದ, ದುಂಡನೆಯ, ಆಳಕ್ಕೆ ನೇರವಾಗಿ ಇಳಿದ ತೂತಾದರೆ ಅದು ಜಾಕ್‌ಹ್ಯಾಮರ್ (ಕಂಪ್ರೆಸರ್ ಗಾಳಿಯಿಂದ ಕಲ್ಲು ಕೊರೆಯುವ ಯಂತ್ರ) ಕೆಲಸ. ಸೀಳಿದ ಮುಖದ ಮೇಲೆ ಕೊಳವೆಯನ್ನು ಉದ್ದಕ್ಕೆ ಅರ್ಧ ಮಾಡಿದಂಥ ಗೆರೆ ಉಳಿದಿರುತ್ತದೆ. ಅಲ್ಲಿಗೆ ವಾದ ಮುಗಿಯಿತು.

ಕುಳಿ ಉದ್ದುದ್ದಕ್ಕೆ ಆಯತವಾಗಿ, ಕೆಳಕ್ಕೆ ಕಿರಿದಾಗುತ್ತ ಹೋಗಿ, ಒಳಗೋಡೆಯಲ್ಲಿ ಉಳಿಯ ಗೀರು ಇದ್ದರೆ ಕೈಕೆಲಸ. ಆದರೆ ಕೈಕೆಲಸವೆಲ್ಲ ಹಳೆಯದಲ್ಲ, ಹೆಚ್ಚಿನವರು ಎಡವುವುದೇ ಇಲ್ಲಿ. ಉಳಿಯಲ್ಲಿ ಕುಳಿ ತೋಡಿ, ಕಬ್ಬಿಣದ ಬೆಣೆ ಇಟ್ಟು ಕಲ್ಲು ಸೀಳುವ ಪದ್ಧತಿ ನಮ್ಮಲ್ಲಿ ಕಂಪ್ರೆಸರ್ ಬಂದ ಮೇಲೂ ನಿಂತಿಲ್ಲ. ವಿಜಯನಗರದ ಕುಳಿಗೂ ನಿಮ್ಮ ಅಜ್ಜನ ಕಾಲದ ಕುಳಿಗೂ ಆಕಾರದಲ್ಲಿ ಅಂಥ ವ್ಯತ್ಯಾಸ ಕಾಣದೇ ಇರಬಹುದು.

ಕೆಲಸದ ಮರ್ಮ ಇಷ್ಟು: ಬೆಣೆ ಕುಳಿಯ ಎರಡೂ ಪಕ್ಕೆಯನ್ನು ಒತ್ತಬೇಕು, ತಳ ಮುಟ್ಟಬಾರದು. ತಳ ಮುಟ್ಟಿದರೆ ಪೆಟ್ಟಿನ ಬಲ ಕೆಳಕ್ಕೆ ಹೋಗಿ ವ್ಯರ್ಥ. ಬಾಯಿಯ ಅಂಚು ಚಕ್ಕೆ ಎದ್ದು ಹೋಗುತ್ತದೆ. ಎಲ್ಲ ಬೆಣೆಗೂ ಸರದಿಯಲ್ಲಿ ಒಂದೊಂದೇ ಪೆಟ್ಟು ಕೊಡುತ್ತ ಹೋದರೆ ನಾದ ಬಿಗಿಯಾಗುತ್ತ ಬರುತ್ತದೆ. ಇದ್ದಕ್ಕಿದ್ದಂತೆ ಸದ್ದು ಮಂಕಾದರೆ ಬಿರುಕು ಬಿಟ್ಟಿತು ಎಂದೇ ಲೆಕ್ಕ. ಸಾಲು ತೋಡಿಯೂ ಸೀಳದೆ ಬಿಟ್ಟ ಬಂಡೆಗಳಲ್ಲಿ ಈ ಚಕ್ಕೆ ಎದ್ದ ಬಾಯಿಗಳನ್ನು ಹುಡುಕಿ. ಇನ್ನು ಮರದ ಬೆಣೆಯ ಕತೆ: ಒಣಮರ ನೀರು ಕುಡಿದು ಉಬ್ಬುವುದು ನಿಜ. ಆದರೂ ಗ್ರಾನೈಟಿನ ಇಷ್ಟು ಚಿಕ್ಕ ಕುಳಿಗೆ ಕಬ್ಬಿಣವೇ ಒಪ್ಪುವ ಮಾತು. ಗೈಡ್ ಹೇಳಿದ್ದು ಕೇಳಲು ಚೆಂದ, ಅಷ್ಟೇ.

ಕಾಲ ತಿಳಿಯಲು ಬಣ್ಣ ಹೋಲಿಸಿ. ಬಂಡೆಯ ಹಳೆ ಚರ್ಮ, ಸೀಳಿದ ಮುಖ, ಕುಳಿಯ ಒಳಗು, ಮೂರನ್ನೂ ಒಟ್ಟಿಗೆ ನೋಡಬೇಕು. ಹೊಸ ಒಡಕಿನಲ್ಲಿ ಹರಳು ಮಿನುಗುತ್ತದೆ. ಹಳತು ಮಂಕಾಗಿ ಕಲ್ಲುಹೂವು ಹತ್ತಿರುತ್ತದೆ. ಇದನ್ನೇ ಗಡಿಯಾರ ಮಾಡಿಕೊಳ್ಳಬೇಡಿ: ಮಣ್ಣಿನಲ್ಲಿ ಹೂತ ಮುಖ ಶತಮಾನ ಕಳೆದರೂ ಹೊಸದರಂತೆ ಇರಬಹುದು, ಮಸಿ ಹಿಡಿದ ಹೊಸ ಮುಖ ಹಳತಂತೆ ಕಾಣಬಹುದು.

ಗಟ್ಟಿ ಸಾಕ್ಷಿ ಬೇರೆ ಇದೆ. ಗುಡಿಯ ಜಗತಿ (ಗುಡಿ ನಿಂತ ಕಟ್ಟೆ), ಕೋಟೆಗೋಡೆಗಳ ಕಲ್ಲಿನ ಅಂಚಿನಲ್ಲಿ ಅರ್ಧ ಕುಳಿಗಳು ಹಲ್ಲಿನಂತೆ ಕಾಣುತ್ತವೆ. ಅದರಲ್ಲೂ ಪಕ್ಕದ ಕಲ್ಲಿನ ಸಂದಿಗೆ ನುಗ್ಗಿದ ಅರ್ಧ ಕುಳಿ, ಗೋಡೆ ಕಟ್ಟುವ ಮೊದಲೇ ತೋಡಿದ್ದು. ಹಾಗೆಯೇ ಶಾಸನದ ಅಕ್ಷರವನ್ನು ಕಡಿದು ಸಾಗಿದ ಸಾಲು ಶಾಸನಕ್ಕಿಂತ ಈಚಿನದು. ಸೀಳಿದ ಮುಖದ ಮೇಲೇ ಶಿಲ್ಪ ಕೊರೆದಿದ್ದರೆ ಸೀಳು ಮೊದಲಿನದು. 1336ರಿಂದ 1565ರವರೆಗೆ ರಾಜಧಾನಿಗೆ ಬೇಕಾದ ಕಲ್ಲು ಬಹುಪಾಲು ಸುತ್ತಲಿನ ಗುಡ್ಡದಿಂದಲೇ ಬಂತು. ಆದ್ದರಿಂದ ಸ್ಮಾರಕಗಳ ನಡುವಿನ ಬಹಳಷ್ಟು ಸಾಲುಗಳ ವಿಷಯದಲ್ಲಿ ಗೈಡ್ ಪರವೇ ನಿಲ್ಲಬಹುದು, ಮರದ ಬೆಣೆ ಬಿಟ್ಟು. ಊರಂಚಿನ ಒಂಟಿ ಬಂಡೆಯಾದರೆ ಮಾತ್ರ ಗೆಳೆಯರ ಅನುಮಾನವನ್ನು ತಳ್ಳಿಹಾಕಬೇಡಿ.

ಫೋಟೊಗೆ ಬೆಳಗಿನ ಇಲ್ಲವೇ ಸಂಜೆಯ ಓರೆ ಬಿಸಿಲು ಒಳ್ಳೆಯದು. ಪಕ್ಕದಲ್ಲಿ ಅಳತೆಪಟ್ಟಿ ಇಡಿ. ಸೀಮೆಸುಣ್ಣ, ಎಣ್ಣೆ ಹಚ್ಚಬೇಡಿ, ಕಲ್ಲುಹೂವು ಕೆರೆಯಬೇಡಿ.

ಪ್ರಶ್ನೆ: ಕುಳಿಯೇ ಇಲ್ಲದೆ ಹಾಳೆಯಂತೆ ಎದ್ದ ಬಂಡೆ?
– ಓದುಗರು, ಕೋಲಾರ

ಉತ್ತರ: ಅಕ್ಕಪಕ್ಕದ ಬಂಡೆಗಳಲ್ಲೂ ಅದೇ ದಿಕ್ಕಿನ ಬಿರುಕಿದ್ದರೆ ಅದು ನಿಸರ್ಗದ್ದು. ಇನ್ನೊಂದು ಸಾಧ್ಯತೆ ಬೆಂಕಿ. ಹಾಸುಬಂಡೆಯ ಮೇಲೆ ಸೌದೆ ಉರಿಸಿ, ಉರಿಯನ್ನು ನಿಧಾನಕ್ಕೆ ಮುಂದೆ ಸರಿಸುತ್ತ, ಸುತ್ತಿಗೆಯಿಂದ ಬಡಿದು ನೋಡುತ್ತಿದ್ದರು. ಟೊಳ್ಳು ಸದ್ದು ಬಂದಲ್ಲಿ ಪದರ ಬಿಟ್ಟಿದೆ ಎಂದರ್ಥ. ಹೀಗೆ ಬಿಟ್ಟ ಹಾಸನ್ನು ಆಮೇಲೆ ಉಳಿ-ಬೆಣೆಯಲ್ಲಿ ತುಂಡು ಮಾಡುತ್ತಿದ್ದರು. ಹಾಗಾಗಿ ಕುಳಿಯನ್ನು ಮೇಲ್ಮೈಯಲ್ಲಲ್ಲ, ಉಳಿದ ಹಾಸಿನ ಅಂಚಿನಲ್ಲಿ ಹುಡುಕಿ.